ಏಳನೆಯ ಓಣಿಯ ನಡುಹಗ್ಗ

ನಾನು ಚಿಕ್ಕವಳಿದ್ದಾಗ ಕೇಳಿದ ಕಥೆಯ ಪ್ರಕಾರ, ಏಳನೆಯ ಓಣಿಯ ಗೋಡೆ ಹರಿದದ್ದು ಒಬ್ಬ ಹೆಂಗಸಿನ ಸುಳ್ಳಿನಿಂದ. ಹಗ್ಗ ಹೆಣೆಯುವ ಹೊತ್ತಿನಲ್ಲಿ ಅವಳು ನೆರೆಯವಳಿಗೆ ಒಂದು ಸುಳ್ಳು ಹೇಳಿದಳಂತೆ. ಗೋಡೆ ಅದನ್ನು ಕೇಳಿಸಿಕೊಂಡಿತಂತೆ. ಅಂದಿನಿಂದ ಅವಳ ಕೈಯ ಹಗ್ಗವನ್ನು ಒಲ್ಲೆ ಎಂದಿತಂತೆ. ನನ್ನ ಅಜ್ಜಿ ಈ ಕಥೆಯನ್ನು ನನ್ನ ತಲೆ ಬಾಚುತ್ತ ಹೇಳುತ್ತಿದ್ದಳು. ‘ಒಲ್ಲೆ’ ಎನ್ನುವಲ್ಲಿ ಪ್ರತಿ ಸಲವೂ ಜಡೆಯನ್ನು ಒಮ್ಮೆ ಜಗ್ಗುತ್ತಿದ್ದಳು. ನೋವಾಗುತ್ತಿದ್ದುದರಿಂದ ಕಥೆ ನಿಜವೆನಿಸುತ್ತಿತ್ತು. ಆದರೂ ಆ ವಯಸ್ಸಿನಲ್ಲೇ ನನಗೊಂದು ಸಂಶಯವಿತ್ತು. ಸುಳ್ಳು ಕೇಳಿದ ಗೋಡೆಗಳೆಲ್ಲ ಹರಿಯುವುದಾದರೆ ಊರಿನಲ್ಲಿ ಒಂದು ಗೋಡೆಯೂ ಉಳಿಯಬಾರದಿತ್ತು. ನಮ್ಮ ಐದನೆಯ ಓಣಿಯದಂತೂ ಎಲ್ಲಕ್ಕಿಂತ ಮೊದಲು ಹೋಗಬೇಕಿತ್ತು. ಅಜ್ಜಿ ಅದಕ್ಕೇ ಒರಗಿ ಕುಳಿತು ಮಾತಾಡುತ್ತಿದ್ದಳು.

ಆ ಊರಿನಲ್ಲಿ ಗಾಳಿ ತಾನಾಗಿ ಬೀಸುತ್ತಿರಲಿಲ್ಲ. ಅದನ್ನು ಎಳೆದು ತರಬೇಕಿತ್ತು. ಓಣಿಗಳ ಗೋಡೆಗಳು ತೊಗಲಿನವು. ಕಮ್ಮಾರನ ತಿದಿಯನ್ನು ಒತ್ತಿ ಬಿಡುವಂತೆ ಗೋಡೆಯನ್ನು ಒಳಕ್ಕೆ ಎಳೆಯಬೇಕು, ಬಿಡಬೇಕು. ಬಿಟ್ಟಾಗ ಆ ಓಣಿಗೆ ಗಾಳಿ ಬರುತ್ತಿತ್ತು. ಎಳೆಯುವವರು ಪಾಳಿಯ ಮೇಲೆ ನಿಂತು ಎಳೆದರು, ಬಿಟ್ಟರು. ಮದುವೆಯಾಗುವಾಗಲೂ ಎಳೆದರು, ಬಿಟ್ಟರು. ಸತ್ತವರನ್ನು ಹೊತ್ತುಕೊಂಡು ಹೋಗುವಾಗಲೂ ಯಾರೋ ನಾಲ್ವರು ಹಿಂದೆ ಉಳಿದು ಎಳೆದರು, ಬಿಟ್ಟರು. ಒಂದು ಓಣಿಯ ಗಾಳಿ ಇನ್ನೊಂದು ಓಣಿಯವರ ಎದೆಗೆ ಸಲ್ಲುತ್ತಿರಲಿಲ್ಲ. ಹಾಗೆಂದು ನಿಯಮವಿತ್ತು, ನಿಯಮವಿಲ್ಲದಿದ್ದರೂ ಸಲ್ಲುತ್ತಿರಲಿಲ್ಲವೆಂದು ಹೇಳುವವರಿದ್ದರು.

ಎಳೆಯುವವರ ಕೈಯಲ್ಲಿ ಇರುತ್ತಿದ್ದುದು ಎಳೆಹಗ್ಗ. ಅದು ದಪ್ಪ, ಒರಟು, ಎಲ್ಲರ ಕಣ್ಣಿಗೆ ಬೀಳುವಂಥದು; ಹಬ್ಬದ ದಿನ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಎಳೆಹಗ್ಗಕ್ಕೂ ತೊಗಲಿನ ಗೋಡೆಗೂ ನಡುವೆ ಇನ್ನೊಂದು ಹಗ್ಗ ಇರುತ್ತಿತ್ತು. ಅದರ ಒಂದು ತುದಿಯ ಕೊಕ್ಕೆ ಎಳೆಹಗ್ಗವನ್ನು ಹಿಡಿಯುತ್ತಿತ್ತು, ಇನ್ನೊಂದು ತುದಿಯ ಕೊಕ್ಕೆ ಗೋಡೆಯ ಬಳೆಯನ್ನು. ಅದು ನಡುಹಗ್ಗ. ನಡುಹಗ್ಗ ಏನನ್ನೂ ಎಳೆಯುವುದಿಲ್ಲ. ಜಗ್ಗಿದಾಗ ಬೀಳುವ ಏಟನ್ನು ತಾನು ತಿಂದು, ಉಳಿದದ್ದನ್ನು ಗೋಡೆಗೆ ಮೆಲ್ಲಗೆ ದಾಟಿಸುತ್ತದೆ, ಅಷ್ಟೇ. ಅದಕ್ಕೆ ಯಾರೂ ಎಣ್ಣೆ ಹಚ್ಚುತ್ತಿರಲಿಲ್ಲ.

ವರ್ಷಕ್ಕೊಂದು ನಡುಹಗ್ಗ ಸವೆಯುತ್ತಿತ್ತು. ವರ್ಷಕ್ಕೊಂದು ಹೊಸದನ್ನು ಹೆಣೆಯಬೇಕಿತ್ತು. ಪ್ರತಿ ಓಣಿಗೆ ಒಬ್ಬಳು ಹೆಣೆಯುವವಳು. ಅವಳ ಬಳಿ ತಾಯಿಯಿಂದ ಬಂದ ಒಂದು ಮಣಿಸರ. ಸರದಲ್ಲಿ ದುಂಡು ಮಣಿ, ಉದ್ದ ಮಣಿ, ಚಪ್ಪಟೆ ಮಣಿ. ಹೆಣೆಯುವವಳು ಕಣ್ಣು ಮುಚ್ಚಿ ಕೂರುತ್ತಾಳೆ. ಎಡಗೈಯ ಹೆಬ್ಬೆರಳು ಮೂರು ಮಣಿ ಮುಟ್ಟುತ್ತದೆ, ಬಲಗೈ ಅವುಗಳ ಆಕಾರಕ್ಕೆ ತಕ್ಕ ಒಂದು ಸುತ್ತು ಹೆಣೆಯುತ್ತದೆ. ಇನ್ನು ಮೂರು ಮಣಿ, ಇನ್ನೊಂದು ಸುತ್ತು. ಒಂದೇ ಗುಂಪಿನಲ್ಲಿ ಮೂರೂ ಚಪ್ಪಟೆಯಾಗಿ ಬಂದರೆ ಹೆಣಿಗೆ ಮುಗಿಯಿತು ಎಂದು ಅರ್ಥ. ಆಗ ಸುತ್ತು ಹೆಣೆಯದೆ ಕತ್ತಿ ಎತ್ತಬೇಕು. ಮಣಿಗಳನ್ನು ಎಣಿಸಬಾರದು. ಕಣ್ಣು ತೆರೆಯಬಾರದು. ಇದನ್ನು ಮುರಿಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಏಕೆಂದರೆ ಎಲ್ಲ ಓಣಿಗಳಲ್ಲೂ ಹಗ್ಗ ಸರಿಯಾಗಿಯೇ ಮುಗಿಯುತ್ತಿತ್ತು.

ಏಳನೆಯ ಓಣಿಯಲ್ಲಿ ಮಾತ್ರ ಅದು ನಡುವೆಯೇ ಮುಗಿಯುತ್ತಿತ್ತು. ಹೆಬ್ಬೆರಳಿಗೆ ಮೂರು ಚಪ್ಪಟೆ ಮಣಿಗಳು ಬೇಗ ಬಂದುಬಿಡುತ್ತಿದ್ದವು. ಹೆಣೆಯುವವಳು ಕತ್ತಿ ಎತ್ತುತ್ತಿದ್ದಳು. ಕೈಯಲ್ಲಿ ಉಳಿಯುತ್ತಿದ್ದುದು ಒಂದೇ ಕೊಕ್ಕೆಯ ತುಂಡು ಹಗ್ಗ; ಎರಡನೆಯ ಕೊಕ್ಕೆ ಮೂಡುವುದು ಕೊನೆಯ ಸುತ್ತುಗಳಲ್ಲಿ. ಒಂದು ಕೊಕ್ಕೆಯ ಹಗ್ಗವನ್ನು ಗೋಡೆಗೆ ತೂಗಬಾರದೆಂಬ ನಿಯಮವಿದ್ದುದರಿಂದ ಅದನ್ನು ಕಸದ ಗುಂಡಿಗೆ ಎಸೆಯುತ್ತಿದ್ದಳು. ಅವಳ ತಾಯಿಯೂ ಸಾಯುವವರೆಗೆ ಹಾಗೆಯೇ ಎಸೆದಿದ್ದಳು. ನಡುಹಗ್ಗವಿಲ್ಲದ ಏಳನೆಯ ಓಣಿಯವರು ಎಳೆಹಗ್ಗವನ್ನೇ ಗೋಡೆಯ ಬಳೆಗೆ ಕಟ್ಟಿಕೊಂಡರು. ಎಳೆದರು, ಗೋಡೆ ಹರಿಯಿತು. ಬಿಟ್ಟರು, ಗೋಡೆಯನ್ನು ಹೊಲಿದರು. ಎಳೆದರು, ಪಕ್ಕದಲ್ಲಿ ಹರಿಯಿತು. ಹೊಲಿಯಲು ಬಾರದಷ್ಟು ಹರಿದ ಜಾಗಕ್ಕೆ ನಾರನ್ನೂ ಕೊಬ್ಬನ್ನೂ ತುಂಬಿದರು. ತುಂಬಿದ ಗೋಡೆ ಮತ್ತೆ ಆಡುವುದಿಲ್ಲ. ಆದರೆ ಹೊರಗಿನಿಂದ ನೋಡಿದರೆ ಅದು ಊರಿನಲ್ಲೇ ಎಲ್ಲಕ್ಕಿಂತ ಮೈತುಂಬಿದ ಗೋಡೆಯಾಗಿ ಕಾಣುತ್ತಿತ್ತು. “ಏಳನೇ ಓಣಿಯವರು ಉಂಡು ಉಂಡು ಗೋಡಿಗೂ ಉಣಿಸ್ಯಾರ” ಎಂದು ನಮ್ಮ ಓಣಿಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಇನ್ನೊಂದು ನಿಯಮವಿತ್ತು. ಗೋಡೆ ಹರಿದ ಓಣಿ ತಪ್ಪಿತಸ್ಥ ಓಣಿ; ಅದು ಪ್ರಾಯಶ್ಚಿತ್ತಕ್ಕೆ ಇಮ್ಮಡಿ ಎಳೆಯಬೇಕು.

ಹೆಣೆಯುವವಳಿಗೆ ಒಬ್ಬ ತಮ್ಮನಿದ್ದ. ಅವನು ಎಳೆಯುವವನು. ಅಗಲವಾದ ಹೆಗಲು, ತುಂಬಿದ ಮೀನಖಂಡ. ಆದರೆ ನೆಲದಿಂದ ಏಳಬೇಕಾದರೆ ತನ್ನ ತೊಡೆಗಳನ್ನೇ ಕೈಯಿಂದ ಹಿಡಿದು ಮೆಟ್ಟಿಲಂತೆ ಹತ್ತುತ್ತಿದ್ದ. ಗಾಳಿ ಸಾಲದೆ ಅವನ ಮಾತು ಈಚೆಗೆ ತುಂಡಾಗುತ್ತಿತ್ತು.

“ಇವತ್ತು ಎಷ್ಟು ಹರೀತು?” ಎಂದು ಅಕ್ಕ ಕೇಳುತ್ತಿದ್ದಳು.

“ಒಂದು ಮೊಳ.”

“ನಿನ್ನೆ?”

“ನಿನ್ನೆ ಕೇಳಬಾರದಿತ್ತೇನು ನಿನ್ನೀದು?”

“ಇಮ್ಮಡಿ ಎಳೀಬ್ಯಾಡೋ. ಎಳದಷ್ಟೂ ಹರೀತೈತಿ.”

“ಎಳೀದಿದ್ರ ಗಾಳಿ ಇಲ್ಲ. ಎಳದ್ರ ಗೋಡಿ ಇಲ್ಲ.” ಅವನು ಉಸಿರಿಗಾಗಿ ತಡೆದು ನಿಂತ. “ಯಾವುದಾರ ಒಂದು ಹೇಳಕ್ಕಾ, ಅದನ್ನ ಮಾಡ್ತೀನಿ.”

ಅಮಾವಾಸ್ಯೆಗೊಮ್ಮೆ ಅಳತೆಗಾರ ಬರುತ್ತಿದ್ದ. ಅವನ ಕೈಯಲ್ಲಿ ಮೊಳಕೋಲು, ಕಂಕುಳಲ್ಲಿ ನಿಯಮಗಳ ಸುರುಳಿ. ಎಳೆಯಲು ಹೇಳಿ, ಗೋಡೆಯ ಎಷ್ಟು ಭಾಗ ಇನ್ನೂ ಆಡುತ್ತದೆ ಎಂದು ಅಳೆಯುತ್ತಿದ್ದ. ಆ ಸಲ ಅವನು ಎರಡು ಬಾರಿ ಅಳೆದ.

“ನಾಲ್ಕರಾಗ ಒಂದು ಪಾಲು ಆಡ್ತೈತಿ,” ಎಂದ. “ಅದಕ್ಕೂ ಕಡಿಮಿ ಆದ್ರ ಓಣಿ ಮುಚ್ಚಬೇಕು. ಪೂರಾ ತುಂಬಿಸಿಬಿಡಬೇಕು.”

“ಒಳಗಿನ ಮಂದಿ?” ಎಂದಳು ಹೆಣೆಯುವವಳು.

“ಮಂದೀದು ನನ್ನ ಸುರುಳ್ಯಾಗ ಇಲ್ಲವ್ವಾ. ಗೋಡೀದು ಐತಿ.” ಅವನು ಕೆಟ್ಟವನಲ್ಲ, ದಣಿದಿದ್ದ. “ಮುಂದಿನ ಅಮಾಸಿಗೆ ಬರ್ತೀನಿ. ಅಷ್ಟರಾಗ ಮತ್ತ ಹರೀದಂಗ ನೋಡಿಕೊಳ್ರಿ.”

ಇಮ್ಮಡಿ ಎಳೆಯಬೇಕು, ಹರಿಯಬಾರದು. ಮುಚ್ಚಿದ ಓಣಿಯಲ್ಲಿ ಗಾಳಿಯಿಲ್ಲ, ಬೇರೆ ಓಣಿಯ ಗಾಳಿ ಸಲ್ಲುವುದಿಲ್ಲ. ಅಂದರೆ ತಮ್ಮನಿಗೆ ಉಳಿದದ್ದು ಒಂದು ತಿಂಗಳ ಉಸಿರು.

ಆ ತಿಂಗಳು ಅವಳು ಹೆಣೆದಳು, ಕತ್ತಿ ಎತ್ತಿದಳು, ಎಸೆದಳು. ಮತ್ತೆ ಹೆಣೆದಳು, ಕತ್ತಿ ಎತ್ತಿದಳು, ಎಸೆದಳು. ಆರನೆಯ ತುಂಡನ್ನು ಎಸೆಯಲು ಹೋದವಳು ಗುಂಡಿಯ ಅಂಚಿನಲ್ಲಿ ನಿಂತುಬಿಟ್ಟಳು. ಕೆಳಗೆ ಅವಳ ತುಂಡುಗಳು, ಅವುಗಳ ಕೆಳಗೆ ಅವಳ ತಾಯಿಯ ತುಂಡುಗಳು. ಇಳಿದು ತನ್ನವೆರಡು, ತಾಯಿಯವೆರಡು ಎತ್ತಿ ಒಂದರ ಪಕ್ಕ ಒಂದಿಟ್ಟಳು. ನಾಲ್ಕೂ ಒಂದೇ ಉದ್ದ. ಒಂದು ಬೆರಳಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಗೋಡೆ ಸಿಟ್ಟಾಗಿದ್ದರೆ ಒಂದು ವರ್ಷ ಹೆಚ್ಚು ಸಿಟ್ಟಾಗಬೇಕಿತ್ತು, ಒಂದು ವರ್ಷ ಕಡಿಮೆ. ಕೋಪಕ್ಕೆ ಇಷ್ಟು ನಿಖರವಾದ ಅಳತೆ ಇರುವುದಿಲ್ಲ; ಸರಕ್ಕೆ ಇರುತ್ತದೆ.

ಅವಳು ತುಂಡುಗಳನ್ನು ಹಿಡಿದುಕೊಂಡು ಹೊಲಿಗೆಯವಳ ಬಳಿಗೆ ಹೋದಳು. ಹೊಲಿಗೆಯವಳು ಮುದುಕಿ; ಏಳನೆಯ ಓಣಿಯ ಗೋಡೆಯನ್ನು ಹೆಣೆಯುವವಳ ತಾಯಿಯ ಕಾಲದಿಂದ ಹೊಲಿಯುತ್ತಿದ್ದಳು. ಆಗಲೂ ಹೊಲಿಯುತ್ತಲೇ ಇದ್ದಳು.

“ಆಯೀ, ಇವನ್ನ ಮುಟ್ಟಿ ನೋಡು.”

“ನೋಡಾಕ ಕಣ್ಣಿಲ್ಲ, ಮುಟ್ಟಾಕ ಬೆರಳು ಸೊಟ್ಟ ಆಗ್ಯಾವು. ಈ ಗೋಡ್ಯಾಗ ತೊಗಲು ಕಡಿಮಿ, ನನ್ನ ದಾರ ಜಾಸ್ತಿ. ನಾನು ಸತ್ತ ಮ್ಯಾಲ ನನ್ನ ಬದಲಿ ಇದನ್ನ ಹೂಳ್ರಿ.” ಅವಳು ತುಂಡುಗಳ ಮೇಲೆ ಕೈಯಾಡಿಸಿದಳು. “ಎಲ್ಲಾ ಒಂದೇ ಉದ್ದ ಅದಾವಲ್ಲ.”

“ಅವ್ವನ ಕಾಲದಾಗ ಒಮ್ಮಿ ಸರ ಹರಿದಿತ್ತೇನು?”

ಹೊಲಿಗೆಯವಳ ಸೂಜಿ ನಿಂತಿತು. ಅದು ನಿಲ್ಲುವುದು ಅಪರೂಪ.

“ಹರಿದಿತ್ತು,” ಎಂದಳು. “ಹೆಬ್ಬೆರಳು ಒತ್ತೂ ಜಾಗದಾಗ ನೂಲು ಸವದಿತ್ತು. ನಿಮ್ಮವ್ವನ ತಪ್ಪಲ್ಲ, ಆಕಿ ಅವ್ವ, ಆಕಿ ಅವ್ವ, ಎಲ್ಲಾರೂ ಒತ್ತಿ ಒತ್ತಿ ಸವೆಸಿದ ನೂಲು. ಮಣಿ ನೆಲದ ತುಂಬ ಉರುಳಿ ಹೋದವು. ನಾವಿಬ್ಬರೂ ಕಣ್ಣು ಮುಚ್ಚಿಕೊಂಡೇ ಮೊಣಕಾಲೂರಿ ಆರಿಸಿದಿವಿ. ಸಾಲು ತಪ್ಪದಂಗ ಪೋಣಿಸಿದ್ಲು, ಆಕಿ ಬೆರಳಿಗೆ ಸಾಲು ಬಾಯಿಪಾಠ ಇತ್ತು. ಹೊರಗ ಬಂದಾಗ ನೆರಿಯಾಕಿ ಕೇಳಿದ್ಲು, ಎಲ್ಲಾ ಸಿಕ್ಕವೇನು ಅಂತ. ಹೂಂ, ಎಲ್ಲಾ ಸಿಕ್ಕವು ಅಂದ್ಲು ನಿಮ್ಮವ್ವ.”

“ಸಿಕ್ಕಿದ್ವಾ?”

“ನಾವೇನು ಎಣಿಸಿದ್ವಿ? ಎಣಿಸಬಾರದಲ್ಲ.”

ಇದೇ ಆ ಸುಳ್ಳು. ಅಜ್ಜಿಯ ಕಥೆ ಪೂರ್ತಿ ಕಟ್ಟುಕಥೆಯಲ್ಲವೆಂದು ನಾನು ಒಪ್ಪುತ್ತೇನೆ. ನೆರೆಯವಳೂ ಇದ್ದಳು, ಮಾತೂ ಇತ್ತು. ಆದರೆ ಮಣಿಗಳು ಉರುಳಿದ್ದು ಮಾತಿಗಿಂತ ಮೊದಲು, ಮತ್ತು ಅದನ್ನು ಕೇಳಿಸಿಕೊಳ್ಳುವ ಅಗತ್ಯ ಯಾವ ಗೋಡೆಗೂ ಇರಲಿಲ್ಲ.

ಹೆಣೆಯುವವಳು ಮನೆಗೆ ಬಂದು ಬಾಗಿಲು ಹಾಕಿಕೊಂಡು, ಸರವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಕಣ್ಣು ತೆರೆದಳು. ಊರು ಹುಟ್ಟಿದಂದಿನಿಂದ ಯಾವ ಹೆಣೆಯುವವಳೂ ತನ್ನ ಸರವನ್ನು ನೋಡಿರಲಿಲ್ಲ. ಅದು ಅಂದುಕೊಂಡದ್ದಕ್ಕಿಂತ ಬಡವಾಗಿತ್ತು, ಮಣಿಗಳಿಗೆ ಬಣ್ಣವಿರಲಿಲ್ಲ. ಅವಳು ಮೂರು ಮೂರಾಗಿ ಸರಿಸುತ್ತ ಎಣಿಸಿದಳು. ಇಪ್ಪತ್ತೊಂಬತ್ತನೆಯ ಗುಂಪಿನ ನಡುವೆ ನೂಲಿಗೊಂದು ಗಂಟು ಇತ್ತು, ಅದು ಅವ್ವ ಹಾಕಿದ ಗಂಟು. ಮೂವತ್ತೊಂದನೆಯ ಗುಂಪಿನಲ್ಲಿ ಮೂರು ಚಪ್ಪಟೆ ಮಣಿ, ಅಂದರೆ ಕತ್ತಿ. ಅವಳು ಅಲ್ಲಿ ನಿಲ್ಲದೆ ಮುಂದಕ್ಕೆ ಸರಿಸಿದಳು. ಅವಳ ಬೆರಳು ಹಿಂದೆಂದೂ ಮುಟ್ಟದ ಮಣಿಗಳು ಅವು. ತಾಯಿ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವಳು ಬಳಸಿಯೇ ಇರಲಿಲ್ಲ. ಎಪ್ಪತ್ತೆಂಟು ಗುಂಪು ಮುಗಿದಾಗ ಕೊನೆಯಲ್ಲಿ ಎರಡು ಮಣಿ ಉಳಿದವು. ಎರಡೂ ಚಪ್ಪಟೆ. ಅವುಗಳ ಜತೆಯ ಮೂರನೆಯದು ಹಿಂದಿನ ಗುಂಪಿಗೆ ಸೇರಿಹೋಗಿತ್ತು.

ಸರದ ಕೊನೆಯಲ್ಲಿ ಮೂರು ಚಪ್ಪಟೆ ಮಣಿಗಳು ಒಟ್ಟಿಗೆ ಇರಬೇಕು. ಒಂದಾಗಿದ್ದ ಮೂರು ಇಲ್ಲಿ ಒಡೆದಿವೆ. ಬೇರೆ ಬೇರೆ ಗುಂಪಿಗೆ ಸೇರಬೇಕಾದ ಮೂರು ಅಲ್ಲಿ ನಡುವೆ ಒಂದಾಗಿವೆ. ಕೆಲವು ಮಣಿಗಳು ಕಳೆದು, ಅಲ್ಲಿಂದ ಮುಂದಿನ ಎಲ್ಲ ಗುಂಪುಗಳೂ ಜಾರಿದ್ದವು. ಅಂಗಿಯ ಒಂದು ಗುಂಡಿಯನ್ನು ತಪ್ಪಿ ಹಾಕಿದರೆ ಕೊನೆಯವರೆಗೂ ತಪ್ಪುವಂತೆ. ಕತ್ತಿಯ ಗುರುತು ಗೋಡೆಯಿಂದ ಬಂದದ್ದಲ್ಲ, ಹೆಬ್ಬೆರಳು ತಪ್ಪಾದ ಕಡೆಯಿಂದ ಮೂರನ್ನು ಎತ್ತಿಕೊಳ್ಳುತ್ತಿತ್ತು.

ಕಳೆದ ಮಣಿಗಳನ್ನು ಮತ್ತೆ ಮಾಡುವಂತಿರಲಿಲ್ಲ. ಮಣಿ ಕೊರೆಯುವವರ ಮನೆತನ ಮುಗಿದುಹೋಗಿತ್ತು. ಬೇರೆ ಓಣಿಯ ಸರ ಈ ಗೋಡೆಗೆ ಹೊಂದುವುದಿಲ್ಲ. ಹೊರಗೆ ತಮ್ಮನ ಪಾಳಿ ಎಳೆಯುತ್ತಿತ್ತು, ಬಿಡುತ್ತಿತ್ತು. ಅವಳು ಅವ್ವನ ಗಂಟಿನ ಪಕ್ಕದ ಎರಡು ಮಣಿಗಳನ್ನು ಉಗುರಿನಿಂದ ಬದಿಗೆ ಸರಿಸಿ, ಅವು ಇಲ್ಲವೆಂದುಕೊಂಡು, ಮತ್ತೆ ಮೂರು ಮೂರಾಗಿ ಎಣಿಸಿದಳು. ನಡುವಿನ ಚಪ್ಪಟೆ ಮಣಿಗಳು ಬೇರೆಯಾದವು: ಎರಡು ಹಿಂದಿನ ಗುಂಪಿಗೆ, ಒಂದು ಮುಂದಿನದಕ್ಕೆ. ಕೊನೆಯಲ್ಲಿ ಮೂರು ಚಪ್ಪಟೆ ಮಣಿಗಳು ಒಟ್ಟಿಗೆ ಬಂದವು. ಏನೂ ಉಳಿಯಲಿಲ್ಲ.

ತಮ್ಮ ಬಂದಾಗ ಅವಳ ಕೈಯಲ್ಲಿ ಕತ್ತರಿ ಇತ್ತು.

“ಅವ್ವ ಕಳದದ್ದು ಸಾಲಲಿಲ್ಲೇನು, ನೀ ಇನ್ನೂ ಕಳೀತೀ?”

“ಎರಡೇ ಮಣಿ.”

“ಅದರಿಂದ ಅವ್ವನ ಮಣಿ ಬರ್ತಾವೇನು?”

“ಬರಂಗಿಲ್ಲ. ಹಗ್ಗ ಗಿಡ್ಡ ಆಕ್ಕೈತಿ.”

“ಗಿಡ್ಡ ಹಗ್ಗ.” ಅವನು ಗೋಡೆಗೆ ಒರಗಿ ಮೆಲ್ಲಗೆ ಕೂತ. ಕೂತರೆ ಏಳುವ ಕಷ್ಟ ನೆನಪಾಗಿ ಅವನಿಗೇ ನಗು ಬಂತು. “ಆತು. ನಾನೂ ಕುಂತಿನಿ. ಎಬ್ಬಸಾಕ ಬರ್ತೈತೇನು ನೋಡು.”

ಅವಳು ಕತ್ತರಿಸಿದಳು. ಎರಡು ಮಣಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕಣ್ಣು ಮುಚ್ಚಿ ಹೆಣೆಯಲು ಕುಳಿತಳು. ಮೂರು ಮಣಿ, ಒಂದು ಸುತ್ತು. ಮೂರು ಮಣಿ, ಒಂದು ಸುತ್ತು. ಬೆರಳು ಗಂಟನ್ನು ಮುಟ್ಟಿತು, ದಾಟಿತು. ಮೂವತ್ತೊಂದನೆಯ ಗುಂಪು ದಾಟಿತು. ಆಮೇಲೆ ಬಂದ ಸುತ್ತುಗಳು ಅವಳ ಕೈಗೆ ಹೊಸವು. ತಾಯಿಯ ಕೈಗೆ ಗೊತ್ತಿದ್ದು ಮರೆತವು, ಅವಳ ಅಜ್ಜಿಯ ಕೈಗೆ ಬಾಯಿಪಾಠವಾಗಿದ್ದವು. ಬಲಗೈ ನೋಯುತ್ತಿತ್ತು. ಅವಳು ನಿಲ್ಲಿಸಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅಳತೆಗಾರ ಬಂದ. ಹಗ್ಗವನ್ನು ಎತ್ತಿ ಬೆಳಕಿಗೆ ಹಿಡಿದ.

“ಇದು ಗಿಡ್ಡ ಐತಲ್ಲವ್ವಾ. ತುಂಡು ಹಗ್ಗ ತೂಗಬಾರದು.”

“ಸುರುಳ್ಯಾಗ ತುಂಡು ಹಗ್ಗ ಅಂದ್ರ ಏನಂತ ಬರದಾರ್ರೀ?”

ಅವನು ಸುರುಳಿ ಬಿಚ್ಚಿದ, ತುಟಿಯಾಡಿಸುತ್ತ ಓದಿದ. “ಒಂದೇ ಕೊಕ್ಕಿ ಇದ್ದದ್ದು ತುಂಡು ಹಗ್ಗ.”

“ಎಣಸ್ರಿ.”

“ಎಣಿಸಬಾರದು ಅಂತ…”

“ಮಣಿ ಎಣಿಸಬಾರದು. ಕೊಕ್ಕಿ ಎಣಿಸಬಾರದಂತ ಎಲ್ಲಿ ಐತಿ?”

ಹೊಲಿಗೆಯವಳು ಮೂಲೆಯಿಂದ, “ಎರಡರ ತನಕ ಎಣಿಸಾಕ ಬರ್ತೈತಿ ಬಿಡವಾ ಅವಗ,” ಎಂದಳು. ಅಳತೆಗಾರ ಎರಡು ತುದಿಗಳನ್ನೂ ಮುಟ್ಟಿದ. ಸುರುಳಿ ಸುತ್ತಿಕೊಂಡ. ಬಹಳ ವರ್ಷಗಳ ಮೇಲೆ ಒಂದು ಓಣಿಯನ್ನು ಮುಚ್ಚದೆ ಇರಲು ಅವನಿಗೊಂದು ಕಾರಣ ಸಿಕ್ಕಿತ್ತು. ಅದನ್ನು ಅವನು ಹೆಚ್ಚು ಪರೀಕ್ಷಿಸಲಿಲ್ಲ.

ಹಗ್ಗ ಗಿಡ್ಡವಾದ್ದರಿಂದ ಎಳೆಹಗ್ಗವನ್ನು ಗೋಡೆಗೆ ಹತ್ತಿರ ತರಬೇಕಾಯಿತು. ಒಂದು ಕೊಕ್ಕೆ ಹಾಕಿದರು. ಇನ್ನೊಂದು ಕೊಕ್ಕೆ ಬಳೆಗೆ ಒಂದು ಬೆರಳು ಸಾಲದೆ ನಿಂತಿತು, ಆಮೇಲೆ ಸೇರಿತು. ತಮ್ಮ ಅಂಗೈಗೆ ಮಣ್ಣು ಸವರಿಕೊಂಡ.

ಎಳೆದ. ನಡುಹಗ್ಗ ಬಿಗಿಯಿತು, ಸಣ್ಣಗೆ ನರಳಿತು, ತಾಳಿತು. ಹೊಲಿಗೆಯವಳು ಸೂಜಿಯನ್ನು ಎತ್ತಿ ಹಿಡಿದು ತೊಗಲು ಹರಿಯುವ ಸದ್ದಿಗೆ ಕಿವಿಗೊಟ್ಟಿದ್ದಳು. ಸದ್ದು ಬರಲಿಲ್ಲ. ಬಿಟ್ಟ. ಓಣಿಯ ಆ ತುದಿಯಿಂದ ಸ್ವಲ್ಪ ಗಾಳಿ ಬಂತು. ತುಂಬಿದ ಮುಕ್ಕಾಲು ಗೋಡೆ ಆಡಲಿಲ್ಲ. ಅದು ಮುಂದೆಯೂ ಎಂದೂ ಆಡಲಿಲ್ಲ. ಉಳಿದ ಕಾಲು ಭಾಗ ಮಾತ್ರ ಒಳಗೆ ಬಂದು ಹೊರಗೆ ಹೋಯಿತು.

“ಗಾಳಿ ಕಡಿಮಿ ಐತಿ,” ಎಂದ ತಮ್ಮ.

“ಐತಲ್ಲಾ,” ಎಂದಳು ಅಕ್ಕ.

ಅಳತೆಗಾರ ಅಳೆದ. ನಾಲ್ಕರಲ್ಲಿ ಒಂದು ಪಾಲು. ಹಿಂದಿನ ತಿಂಗಳಿನಷ್ಟೇ; ತಿಂಗಳಿಡೀ ಹರಿದದ್ದನ್ನು ಹೊಲಿಗೆಯವಳು ತುಂಬಗೊಡದೆ ಹೊಲಿದಿದ್ದಳು. ಅವನು ಮೊಳಕೋಲನ್ನು ಹೆಗಲ ಮೇಲಿಟ್ಟು ಎಂಟನೆಯ ಓಣಿಗೆ ಹೋದ. ಗೋಡೆ ಹರಿಯದ ಓಣಿ ಇಮ್ಮಡಿ ಎಳೆಯಬೇಕಾಗಿರಲಿಲ್ಲ. ತಮ್ಮ ಅಂದು ಸಂಜೆ ಪಾಳಿ ಮುಗಿದ ಮೇಲೆ ಮಲಗಿದ. ಮರುದಿನ ಎದ್ದ, ತೊಡೆ ಹಿಡಿದುಕೊಂಡೇ.

ಊರು ಈ ಸಂಗತಿಯನ್ನು ಹೀಗೆಯೇ ಹೇಳಲಿಲ್ಲ. ಅಜ್ಜಿಯ ಕಥೆಯ ಎರಡನೆಯ ಭಾಗದಲ್ಲಿ ಮಗಳು ಏಳು ದಿನ ಉಪವಾಸ ಕೂರುತ್ತಾಳೆ, ತಾಯಿಯ ಪರವಾಗಿ ಕ್ಷಮೆ ಕೇಳುತ್ತಾಳೆ. ಗೋಡೆ ಕರಗಿ, ಕಳೆದುಹೋದ ಮಣಿಗಳನ್ನು ಅವಳ ಮಡಿಲಿಗೆ ಉದುರಿಸುತ್ತದೆ. ಹಗ್ಗ ಮೊದಲಿನಂತೆ ಪೂರ್ಣವಾಗುತ್ತದೆ. ಅಲ್ಲಿಗೆ ನನ್ನ ಜಡೆಯೂ ಮುಗಿಯುತ್ತಿತ್ತು.

ಮುಂದೆ ನಾನು ಗಾಳಿ ತಾನಾಗಿ ಬೀಸುವ ಊರಿಗೆ ಓದಲು ಹೋದೆ. ಅಲ್ಲಿ ಒಂದು ಮಧ್ಯಾಹ್ನ ನಮ್ಮ ಅಧ್ಯಾಪಕಿ ಸ್ನಾಯುವಿನ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಎಳೆಯುವ ತಂತುಗಳ ಬಗ್ಗೆ ಎಲ್ಲರಿಗೂ ಗೊತ್ತು, ಎಂದರು. ಆ ತಂತುಗಳನ್ನು ಜೀವಕೋಶದ ಪೊರೆಗೆ ಬಿಗಿಯುವ ಒಂದು ಪ್ರೋಟೀನಿದೆ, ಅದು ತಾನು ಏನನ್ನೂ ಎಳೆಯುವುದಿಲ್ಲ. ಅದಿಲ್ಲದಿದ್ದರೆ ಪ್ರತಿ ಎಳೆತಕ್ಕೂ ಪೊರೆ ಹರಿಯುತ್ತದೆ, ಹೊಲಿಯುವ ಕೋಶಗಳು ದಣಿಯುತ್ತವೆ, ಕೊನೆಗೆ ಸ್ನಾಯುವಿನ ಜಾಗದಲ್ಲಿ ನಾರೂ ಕೊಬ್ಬೂ ತುಂಬುತ್ತವೆ. ಹಾಗಾದರೆ ಆ ಪ್ರೋಟೀನು ಗಿಡ್ಡವಾಗಿದ್ದರೆ ಎಂದು ನಾನು ಕೇಳಿದೆ. “ಎರಡು ತುದಿಗಳೂ ಸರಿಯಾಗಿದ್ದರೆ,” ಎಂದರು ಅವರು, “ನಡುವೆ ಸ್ವಲ್ಪ ಕಡಿಮೆಯಾದರೂ ಎಷ್ಟೋ ಸಲ ಅದು ಹಿಡಿದುಕೊಳ್ಳುತ್ತದೆ. ಬಲ ಪೂರ್ತಿ ಇರುವುದಿಲ್ಲ. ಆದರೆ ನಡೆಯುತ್ತಾರೆ.”

ರಜೆಯಲ್ಲಿ ಊರಿಗೆ ಹೋದಾಗ ಅಳತೆಯ ಪಟ್ಟಿಯನ್ನೂ ಒಂದು ನೋಟುಬುಕ್ಕನ್ನೂ ತೆಗೆದುಕೊಂಡು ಏಳನೆಯ ಓಣಿಗೆ ಹೋದೆ. ಹೊಲಿಗೆಯವಳು ಇನ್ನೂ ಇದ್ದಳು. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಅವಳು ಹೇಳಿದ್ದು, ಆದ್ದರಿಂದ ಅದೂ ಒಂದು ಕಥೆಯೇ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ. ಸರ ಹರಿಯುವುದಕ್ಕೂ ಮುಂಚಿನ ಕೊನೆಯ ನಡುಹಗ್ಗವನ್ನು ಅವಳು ಎಸೆಯದೆ ಸುತ್ತಿ, ಕೊಡದ ಕೆಳಗೆ ಸಿಂಬೆ ಮಾಡಿಕೊಂಡಿದ್ದಳು. ಅವಳ ಅನುಮತಿ ಪಡೆದು ಕೊಡ ಇಳಿಸಿ ಸಿಂಬೆಯನ್ನು ಬಿಚ್ಚಿದೆ. ಆಮೇಲೆ ಪಾಳಿಯವರು ಬದಲಾಗುವವರೆಗೆ ಕಾದು, ಗೋಡೆಯ ಮೇಲಿದ್ದ ಹಗ್ಗವನ್ನು ಎಣಿಸಿದೆ. ಎರಡನ್ನೂ ಮೂರು ಮೂರು ಸಲ ಎಣಿಸಿದೆ.

ಸಿಂಬೆಯ ಹಗ್ಗದಲ್ಲಿ ಎಪ್ಪತ್ತೊಂಬತ್ತು ಸುತ್ತುಗಳಿವೆ. ಗೋಡೆಯ ಹಗ್ಗದಲ್ಲಿ ಎಪ್ಪತ್ತೇಳು. ತಾಯಿ ಕಳೆದ ನಾಲ್ಕು ಮಣಿ, ಮಗಳು ತೆಗೆದ ಎರಡು: ಎರಡು ಸುತ್ತು. ಅದರ ಎರಡು ತುದಿಗೂ ಕೊಕ್ಕೆ ಇದೆ.